ನೆಲ ಸರಿದು ಜಖಂ ಆದ ರಸ್ತೆ ಸುರಂಗ: ದುರಸ್ತಿ ಎಲ್ಲಿಂದ ಶುರು ಮಾಡಬೇಕು, ಯಾವುದಕ್ಕೆ ಮೊದಲೇ ಕೈ ಹಾಕಬಾರದು

ಬಿರುಕಿಗೆ ಸಿಮೆಂಟ್ ಮೆತ್ತುವುದು. ಒಳಕ್ಕೆ ಉಬ್ಬಿದ ಗೋಡೆಯನ್ನು ಕೆತ್ತಿ ಸಪಾಟು ಮಾಡುವುದು. ನೀರು ಒಸರುವ ಜಾಗಕ್ಕೆ ಬೂಚು ಹಾಕುವುದು. ನೆಲ ಸರಿದ ಮೇಲೆ ಸುರಂಗ ರಿಪೇರಿಗೆ ಹೋದವರು ಮೊದಲು ಮಾಡುವ ಮೂರು ಕೆಲಸ ಇವೇ. ಮೊದಲ ಎರಡು ಬೇಕಾದ ಕೆಲಸಗಳೇ, ಆದರೆ ಅವುಗಳ ಸರದಿ ಬಹಳ ತಡವಾಗಿ ಬರುತ್ತದೆ. ಮೂರನೆಯದು ಹೆಚ್ಚುಕಡಿಮೆ ಯಾವತ್ತೂ ಬೇಡ.

ಗುಡ್ಡದ ಭಾರವನ್ನು ಹೊರುವುದು ಕಾಂಕ್ರೀಟ್ ಲೈನಿಂಗ್ (ಸುರಂಗದ ಒಳಗೋಡೆ) ಒಂದೇ ಅಲ್ಲ. ಸುತ್ತಲಿನ ಬಂಡೆಯೇ ಬಹುಪಾಲು ಹೊತ್ತಿರುತ್ತದೆ. ಬಂಡೆಯೊಳಗೆ ಕೊರೆದು ಕೂರಿಸಿದ ಬೋಲ್ಟು, ಪೈಪಿನಿಂದ ಗೋಡೆಗೆ ಚಿಮ್ಮಿಸಿದ ಕಾಂಕ್ರೀಟ್ ಅಂದರೆ ಶಾಟ್‌ಕ್ರೀಟ್, ಲೈನಿಂಗ್ ಅದಕ್ಕೆ ಆಸರೆ. ಹಾಗಾಗಿ ಲೈನಿಂಗ್ ಒಡೆದಿದೆ ಎಂದರೆ ಹೆಚ್ಚಾಗಿ ಹಿಂದಿನ ನೆಲದಲ್ಲಿ ಏನೋ ಬದಲಾಗಿದೆ ಎಂದು ಅರ್ಥ. ಅದು ನಿಲ್ಲುವ ಮೊದಲು ಮುಂಭಾಗ ಚೆಂದ ಮಾಡಿದರೆ ಮುಂದಿನ ಮಳೆಗೆ ಅದೇ ಬಿರುಕು ಅದೇ ಜಾಗದಲ್ಲಿ ಹಾಜರು.

ಇದು ಸೈಟಿನಲ್ಲಿ ನಿಂತು ಕೆಲಸ ಮಾಡಿಸುವ ಎಂಜಿನಿಯರ್, ಸೂಪರ್‌ವೈಸರ್‌ಗಳಿಗಾಗಿ ಬರೆದದ್ದು. ಡಿಸೈನರ್ ಮತ್ತು ಭೂವಿಜ್ಞಾನಿಯ ಲೆಕ್ಕಕ್ಕೆ ಇದು ಬದಲಿ ಅಲ್ಲ. ಅವರಿಬ್ಬರೂ ಇಲ್ಲದೆ 3ನೇ ಹಂತ ದಾಟಲೇಬೇಡಿ.

## ಮೊದಲು ಸಾಮಾನು

ಒಳಗೆ ಹೋಗುವ ಮುಂಚೆ ಬೇಕಾದವು: ನಾಲ್ಕು ಬಗೆಯ ಗ್ಯಾಸ್ ಅಳೆಯುವ ಡಿಟೆಕ್ಟರ್, ಮೇಲೆ ಗಟ್ಟಿ ಜಾಲರಿ ಚಾವಣಿ ಇರುವ ಬೂಮ್ ಲಿಫ್ಟ್, ಬಡಿದು ನೋಡುವ ಸುತ್ತಿಗೆ, ಬಿರುಕಿನ ಅಗಲ ಅಳೆಯುವ ಗೇಜು, ಬಣ್ಣದ ಸ್ಪ್ರೇ, ದೂರ-ಕೋನ ಅಳೆಯುವ ಟೋಟಲ್ ಸ್ಟೇಷನ್, ಅದು ಗುರಿಯಿಡಲು ಗೋಡೆಗೆ ಕೂರಿಸುವ ಪ್ರಿಸ್ಮ್ ಟಾರ್ಗೆಟ್‌ಗಳು. ಲೇಸರ್ ಸ್ಕ್ಯಾನರ್ ಸಿಕ್ಕರೆ ತುಂಬಾ ಒಳ್ಳೆಯದು. ಹಳೆಯ ಡ್ರಾಯಿಂಗುಗಳ ಜೊತೆ, ಸುರಂಗ ಅಗೆಯುವಾಗ ಬರೆದಿಟ್ಟ ಫೇಸ್ ಮ್ಯಾಪುಗಳನ್ನೂ (ಅಗೆದ ಮುಖದಲ್ಲಿ ಕಂಡ ಬಂಡೆಯ ನಕ್ಷೆ) ಹುಡುಕಿಸಿ. ಅಗೆಯುವಾಗ ತೊಂದರೆ ಕೊಟ್ಟ ಜಾಗವೇ ಈಗಲೂ ಒಡೆದಿರುವ ಸಂಭವ ಜಾಸ್ತಿ.

ಕೆಲಸ ಶುರುವಾಗುವ ಮುಂಚೆ ಸೈಟಿನಲ್ಲೇ ಇರಬೇಕಾದವು: ಶಾಟ್‌ಕ್ರೀಟ್ ಯಂತ್ರ, ಕಮಾನಿನ ಆಕಾರಕ್ಕೆ ಬಗ್ಗಿಸಿದ ಸ್ಟೀಲ್ ರಿಬ್‌ಗಳು, ವೈರ್ ಮೆಶ್, ಬಂಡೆ ಕೊರೆಯುವ ಡ್ರಿಲ್ಲಿಂಗ್ ಜಂಬೊ, ಗ್ರೌಟ್ (ತೆಳು ಸಿಮೆಂಟ್ ಗಾರೆ) ಪಂಪ್, ಡೀಸೆಲ್ ಜನರೇಟರ್, ನೀರಿನ ಪಂಪ್. ತಪ್ಪಿಸಿಕೊಳ್ಳಲು ಬೇಕಾದ ದಪ್ಪ ಪೈಪು ಕೂಡ. ‘ಬೇಕಾದಾಗ ತರಿಸೋಣ’ ಎನ್ನುವ ಮಾತು ಸುರಂಗದಲ್ಲಿ ನಡೆಯುವುದಿಲ್ಲ. ಬೇಕಾಗುವುದು ರಾತ್ರಿ ಎರಡು ಗಂಟೆಗೇ.

## ಹಂತ 1: ಮುಚ್ಚಿ, ಗಾಳಿ ನೋಡಿ, ಆಮೇಲೆ ಒಳಗೆ ಹೋಗಿ

ಎರಡೂ ಬಾಯಿಗಳಲ್ಲಿ ಗೇಟು ಹಾಕಿ. ಒಳಗೆ ಹೋದವರ, ಹೊರಗೆ ಬಂದವರ ಹೆಸರು ಬರೆದಿಡಲು ಒಬ್ಬರನ್ನು ಕೂರಿಸಿ. ಹಾನಿಯಾದ ಭಾಗದ ವಿದ್ಯುತ್ ತೆಗೆಸಿ, ತಾತ್ಕಾಲಿಕ ದೀಪ ಬೇರೆ ಲೈನಿನಿಂದ ಕೊಡಿ.

ಗಾಳಿಯಲ್ಲಿ ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಒಳಗೆ ಕಾಲಿಡಬೇಡಿ. ಮೀಥೇನ್ ಗಾಳಿಯಲ್ಲಿ ಶೇ. 5 ಮುಟ್ಟಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಅದರ ಹತ್ತಿರಕ್ಕೂ ಹೋಗದಂತೆ ಅಲಾರಂ ತೀರಾ ಕೆಳಗಿನ ಮಟ್ಟಕ್ಕೆ ಇಡಿ. ನೆಲ ಸರಿದಾಗ ಹೊಸ ಸೀಳುಗಳಿಂದ ಮೊದಲು ಇಲ್ಲದ ಗ್ಯಾಸು ಬರಬಹುದು.

ಸುರಂಗದ ಮೇಲಿನ ಗುಡ್ಡವನ್ನೂ ಅದೇ ದಿನ ಹತ್ತಿ ನೋಡಿ. ಇದನ್ನು ಮರೆಯುವವರೇ ಹೆಚ್ಚು. ಓರೆಯಾದ ಮರ, ನೆಲದಲ್ಲಿ ಅರ್ಧಚಂದ್ರದಂತೆ ಬಿಟ್ಟ ಸೀಳು, ಇದ್ದಕ್ಕಿದ್ದಂತೆ ಹುಟ್ಟಿದ ಒರತೆ, ಬತ್ತಿದ ಬಾವಿ ಕಂಡರೆ ಸರಿದಿರುವುದು ಸುರಂಗ ಒಂದೇ ಅಲ್ಲ, ಇಡೀ ಇಳಿಜಾರು. ಆಗ ಕೆಲಸದ ಅರ್ಧ ಭಾಗ ಹೊರಗಡೆಯೇ ಇದೆ.

## ಹಂತ 2: ಬಿರುಕು ಓದುವುದು

ಪ್ರತಿ ಬಿರುಕಿಗೂ ನಂಬರ್, ಉದ್ದ, ಅಗಲ, ದಿಕ್ಕು, ತಾರೀಕು. ಗೋಡೆಯನ್ನು ಬಿಚ್ಚಿ ಹಾಸಿದಂತೆ ಕಾಗದದ ಮೇಲೆ ನಕ್ಷೆ ಬರೆಯಿರಿ. ಫೋಟೋ ಮಾತ್ರ ಸಾಲದು.

ಹಳೆಯದೋ ಹೊಸದೋ ಎಂದು ಮೊದಲು ಬೇರ್ಪಡಿಸಿ. ಹಳೆಯ ಬಿರುಕಿನ ಅಂಚು ಹೊಗೆ ಹಿಡಿದು ಕಪ್ಪಾಗಿರುತ್ತದೆ, ಬಾಯಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ಹೊಸದರ ಅಂಚು ಚೂಪು, ಒಳಗಿನ ಕಾಂಕ್ರೀಟ್ ಸ್ವಚ್ಛ. ಕಾಂಕ್ರೀಟ್ ಒಣಗುವಾಗ ಬಿಟ್ಟ ಹಳೆಯ ಕೂದಲೆಳೆ ಬಿರುಕುಗಳನ್ನೆಲ್ಲ ಎಣಿಸಿ ಗಾಬರಿಯಾಗುವುದೂ ಇದೆ. ಅವುಗಳ ನಡುವೆ ನಿಜವಾದದ್ದನ್ನು ನೋಡದೆ ಬಿಡುವುದೂ ಇದೆ.

ಬಿರುಕಿನ ದಿಕ್ಕು ಒತ್ತಡದ ದಿಕ್ಕನ್ನು ತೋರಿಸುತ್ತದೆ:

— ನೆತ್ತಿಯಲ್ಲಿ ಉದ್ದುದ್ದ ಬಿರುಕು, ಎರಡೂ ಭುಜಗಳಲ್ಲಿ (ಗೋಡೆ ಕಮಾನಾಗಿ ಬಾಗುವ ಕಡೆ) ಕಾಂಕ್ರೀಟ್ ಪುಡಿ: ಮೇಲಿನ ಬಂಡೆ ಸಡಿಲವಾಗಿ ಲೈನಿಂಗ್ ಮೇಲೆ ಕೂತಿದೆ.

— ಒಂದೇ ಭುಜದಲ್ಲಿ ಉದ್ದ ಬಿರುಕು, ಎದುರು ಬದಿ ಸುಮಾರಾಗಿ ಸರಿಯಿದೆ: ಓರೆ ಒತ್ತಡ. ಗುಡ್ಡದ ಅಂಚಿನ ಸುರಂಗಗಳಲ್ಲಿ ಇಳಿಜಾರು ಜರುಗುತ್ತಿರುವ ಗುರುತು.

— ಎರಡೂ ಪಕ್ಕದ ಗೋಡೆ ಒಳಕ್ಕೆ ಉಬ್ಬಿ ನೆಲಕ್ಕೆ ಸಮಾನಾಂತರ ಬಿರುಕು, ರಸ್ತೆಯೂ ಮೇಲೆದ್ದಿದೆ: ನೆಲ ಹಿಂಡುತ್ತಿದೆ, ಅಥವಾ ನೀರು ಕುಡಿದ ಜೇಡಿ ಉಬ್ಬುತ್ತಿದೆ. ಕೆಳಗೆ ಇನ್ವರ್ಟ್ ಕಮಾನು (ರಸ್ತೆಯಡಿಯ ತಲೆಕೆಳಗಾದ ಕಮಾನು) ಇದೆಯೇ ನೋಡಿ. ಎಷ್ಟೋ ಕಡೆ ಇರುವುದೇ ಇಲ್ಲ.

— ಉಂಗುರದಂತೆ ಸುತ್ತಲೂ ಬಿರುಕು, ಎರಡು ಬದಿ ಮಟ್ಟ ತಪ್ಪಿದೆ: ಸುರಂಗಕ್ಕೆ ಅಡ್ಡಲಾಗಿ ನೆಲ ಜಾರಿದೆ. ಭೂಕಂಪದ ಬಳಿಕ ಇದು ಸಾಮಾನ್ಯ.

ಜಪಾನಿನ ಕುಮಾಮೊಟೊದಲ್ಲಿ 2016ರ ಏಪ್ರಿಲ್ 16ರ ಭೂಕಂಪದಲ್ಲಿ 2,057 ಮೀಟರ್ ಉದ್ದದ ತವರಯಾಮ ಸುರಂಗದ ಲೈನಿಂಗ್ ಒಂದು ಕಡೆ ಕಳಚಿ ರಸ್ತೆಗೇ ಬಿತ್ತು. ಬೇರೆ ಕಡೆಗಳಲ್ಲಿ ಬಿರುಕು, ಚಕ್ಕೆ, ಎದ್ದ ರಸ್ತೆ. ಇನ್ನು ಕೆಲವೆಡೆ ಹೆಚ್ಚೇನೂ ಆಗಿರಲಿಲ್ಲ. ಇಡೀ ಸುರಂಗಕ್ಕೆ ಒಂದೇ ಔಷಧಿ ಅಲ್ಲ, ಜಾಗ ನೋಡಿ ಬೇರೆ ಬೇರೆ ದುರಸ್ತಿ. ಅದೇ ವರ್ಷದ ಡಿಸೆಂಬರಿನಲ್ಲಿ ಸಂಚಾರಕ್ಕೆ ಬಿಟ್ಟರು. ನಿಮ್ಮ ನಕ್ಷೆಯಲ್ಲೂ ಸುರಂಗವನ್ನು ತುಂಡು ತುಂಡಾಗಿ ವಿಂಗಡಿಸಿ: ಕೆಡವಿ ಕಟ್ಟಬೇಕಾದ್ದು, ಬಲಪಡಿಸಬೇಕಾದ್ದು, ಬಿರುಕು ತುಂಬಿದರೆ ಸಾಕಾದದ್ದು, ಮುಟ್ಟಬೇಕಿಲ್ಲದ್ದು.

ಕೂಡಲೇ ಹೊರಬರಬೇಕಾದ ಸೂಚನೆಗಳು: ಚಟಚಟ ಸದ್ದು, ತಾನಾಗಿ ಉದುರುವ ಚಕ್ಕೆ, ಕಾಂಕ್ರೀಟಿನಿಂದ ಹೊರಕ್ಕೆ ಬಾಗಿದ ಸರಳು, ಬೋಲ್ಟಿನ ಪ್ಲೇಟು ಬಟ್ಟಲಿನಂತೆ ಬಗ್ಗಿರುವುದು, ಇದ್ದಕ್ಕಿದ್ದಂತೆ ಕೆಂಪಾದ ನೀರು.

## ಹಂತ 3: ನಿಂತಿದೆಯೋ ಇನ್ನೂ ಸರಿಯುತ್ತಿದೆಯೋ?

ದುರಸ್ತಿ ಕೆಡುವುದು ಹೆಚ್ಚಾಗಿ ಈ ಹಂತ ಬಿಟ್ಟಾಗ. ಸಂಚಾರ ನಿಂತಿದೆ, ಮೇಲಿನಿಂದ ಫೋನಿನ ಮೇಲೆ ಫೋನು. ಅಳೆಯುತ್ತಾ ಕೂತರೆ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಆದರೂ ಕೂರಲೇಬೇಕು.

ಹಾನಿಯಾದ ಭಾಗದಲ್ಲಿ 5ರಿಂದ 10 ಮೀಟರಿಗೊಂದು ಅಡ್ಡಸಾಲು. ಪ್ರತಿ ಸಾಲಿನಲ್ಲಿ ಐದು ಟಾರ್ಗೆಟ್: ನೆತ್ತಿ, ಎರಡು ಭುಜ, ಎರಡು ಗೋಡೆ. ರಸ್ತೆಯ ಮೇಲೆ ಲೆವೆಲ್ ಪಾಯಿಂಟುಗಳು. ದೊಡ್ಡ ಬಿರುಕುಗಳಿಗೆ ಗೇಜು. ಬಂಡೆಯ ಒಳಗೆ ಎಷ್ಟು ಆಳದವರೆಗೆ ಸಡಿಲವಾಗಿದೆ ಎಂದು ತಿಳಿಯಲು, ತೂತಿನೊಳಗೆ ಕೂರಿಸಿ ಚಲನೆ ಅಳೆಯುವ ಎಕ್ಸ್‌ಟೆನ್ಸೋಮೀಟರ್. ಬೋಲ್ಟ್ ಎಷ್ಟು ಉದ್ದ ಬೇಕು ಎನ್ನುವುದು ಇದರಿಂದಲೇ ಗೊತ್ತಾಗುವುದು. ಗುಡ್ಡದ ಮೇಲೂ ಗುರುತುಗಳನ್ನು ನೆಡಿ.

ಪದೇ ಪದೇ ಕಾಣುವ ತಪ್ಪು: ಅಳತೆಯ ಆಧಾರ ಬಿಂದುವನ್ನು ಸುರಂಗದ ಬಾಯಿಯ ಪಕ್ಕದ ಗೋಡೆಗೇ ಹೊಡೆಯುವುದು. ಗುಡ್ಡ ಪೂರ್ತಿ ಸರಿಯುತ್ತಿದ್ದರೆ ಆ ಬಿಂದುವೂ ಜೊತೆಗೇ ಸರಿಯುತ್ತದೆ. ರಿಪೋರ್ಟಿನಲ್ಲಿ ‘ಚಲನೆ ಇಲ್ಲ’ ಎಂದು ಬರುತ್ತದೆ! ಆಧಾರ ಬಿಂದು ಗಟ್ಟಿ ಬಂಡೆಯ ಮೇಲೆ, ದೂರದಲ್ಲಿ ಇರಲಿ. ಎರಡಾದರೂ ಇರಲಿ. ದಿನವೂ ಒಂದೇ ಹೊತ್ತಿಗೆ ಅಳೆಯಿರಿ, ಬಿಸಿಲಿನ ವ್ಯತ್ಯಾಸ ಲೆಕ್ಕ ಕೆಡಿಸುತ್ತದೆ.

ಸಂಖ್ಯೆಗಿಂತ ಗ್ರಾಫಿನ ಆಕಾರ ನೋಡಿ. ಗೆರೆ ಬರಬರುತ್ತಾ ಅಡ್ಡ ಮಲಗುತ್ತಿದ್ದರೆ ನೆಲ ಕೂರುತ್ತಿದೆ. ನೇರ ಓರೆಗೆರೆ ಆದರೆ ದಿನಕ್ಕಿಷ್ಟು ಎಂದು ಸರಿಯುತ್ತಲೇ ಇದೆ, ಕಾರಣ ಇನ್ನೂ ಜೀವಂತ. ಗೆರೆ ಮೇಲಕ್ಕೆ ಬಾಗಿದರೆ ಎಲ್ಲರೂ ಹೊರಗೆ. ಯಾವ ಅಂಕೆಗೆ ಯಾರಿಗೆ ಫೋನು, ಯಾವ ಅಂಕೆಗೆ ಕೆಲಸ ಬಂದ್ ಎಂದು ಡಿಸೈನರ್ ಕೈಯಲ್ಲಿ ಮೊದಲೇ ಬರೆಸಿ ಗೇಟಿನಲ್ಲಿ ಅಂಟಿಸಿ. ಸರಿಯುತ್ತಿರುವಾಗ ಚರ್ಚೆ ಮಾಡಲು ಸಮಯ ಇರುವುದಿಲ್ಲ.

## ಹಂತ 4: ತಾತ್ಕಾಲಿಕ ಆಸರೆ

ಅಳತೆ ನಡೆಯುವಾಗಲೇ ಇದೂ ನಡೆಯಲಿ. ಗಟ್ಟಿ ಇರುವ ಕಡೆಯಿಂದ ಒಡೆದ ಕಡೆಗೆ ಸಾಗಿ. ಮೊದಲು ನೇತಾಡುವ ಚಕ್ಕೆಗಳನ್ನು ಲಿಫ್ಟಿನಿಂದ ಉದುರಿಸಿ. ನಂತರ ಮೆಶ್, ಫೈಬರ್ ಶಾಟ್‌ಕ್ರೀಟ್, ಒಳಗಿನಿಂದ ಸ್ಟೀಲ್ ರಿಬ್. ರಿಬ್‌ಗೂ ಗೋಡೆಗೂ ನಡುವೆ ಸಂದು ಉಳಿಸಬೇಡಿ. ಸುಮ್ನೆ ನಿಲ್ಲಿಸಿದ ರಿಬ್ ಭಾರ ಹೊರುವುದಿಲ್ಲ. ಕಾಲು ಗಟ್ಟಿ ನೆಲದ ಮೇಲೆ ಕೂತಿರಬೇಕು. ಮೇಲೆದ್ದ ರಸ್ತೆ ಇದ್ದರೆ ಎರಡು ಗೋಡೆಗಳ ಬುಡದ ನಡುವೆ ಅಡ್ಡ ತೊಲೆ ಕೊಡಿ.

ಪೂರ್ತಿ ಕುಸಿದು ಮಣ್ಣಿನ ರಾಶಿ ಬಿದ್ದಿದ್ದರೆ, ಆ ರಾಶಿಯನ್ನು ತೆಗೆಯಬೇಡಿ. ನೋಡಲು ಕಸ, ನಿಜದಲ್ಲಿ ಅದೇ ಈಗಿನ ಆಸರೆ. ಕೆಳಗೆ ತೆಗೆದಷ್ಟೂ ಮೇಲಿಂದ ಬರುತ್ತದೆ. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದಾಗ, 2023ರ ನವೆಂಬರಿನಲ್ಲಿ ಮೊದಮೊದಲು ಯಂತ್ರದಿಂದ ಮಣ್ಣು ಬಾಚಿದಾಗ ಆದದ್ದೂ ಅದೇ. ಅಲ್ಲಿ ಆಚೆ ಬದಿ ಜನ ಸಿಕ್ಕಿಬಿದ್ದಿದ್ದರು, ತುರ್ತು ಇತ್ತು. ನಿಮ್ಮಲ್ಲಿ ಆ ತುರ್ತು ಇಲ್ಲದಿದ್ದರೆ ರಾಶಿಯ ಮುಖಕ್ಕೆ ಶಾಟ್‌ಕ್ರೀಟ್ ಹೊಡೆದು ಮುಚ್ಚಿ. ಮೇಲಿನ ಗುಹೆಯಂಥ ಟೊಳ್ಳಿಗೆ ಪೈಪು ತೂರಿಸಿ ಹಗುರ ಫೋಮ್ ಕಾಂಕ್ರೀಟ್ ತುಂಬಿ. ರಾಶಿಗೆ ಗ್ರೌಟ್ ಕೊಟ್ಟು ಗಟ್ಟಿ ಮಾಡಿ. ಆಮೇಲೆ ಅದನ್ನು ಹೊಸ ಸುರಂಗ ಎಂದುಕೊಂಡೇ ಅಗೆಯಬೇಕು.

## ಹಂತ 5: ನೀರಿಗೆ ದಾರಿ ಕೊಡಿ

ನೀರು ನಿಂತರೆ ಒತ್ತಡ, ಒತ್ತಡ ಬಂದರೆ ಬಿರುಕು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುರಕಲ್ಲಿನ ಕೆಳಗಿನ ಶೇಡಿ ಮಣ್ಣು ಬೇಸಿಗೆಯಲ್ಲಿ ಗಟ್ಟಿ, ನೀರು ಕುಡಿದರೆ ಕೈಗೇ ಸಿಗುವುದಿಲ್ಲ.

ಸುರಂಗದ ಒಳಗಿನಿಂದ ಮೇಲ್ಮುಖವಾಗಿ ತೂತು ಕೊರೆದು, ಸೀಳು ಇರುವ ಪಿವಿಸಿ ಪೈಪಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ ತೂರಿಸಿ. ಬಟ್ಟೆ ಇಲ್ಲದಿದ್ದರೆ ನೀರಿನ ಜೊತೆ ಮಣ್ಣೂ ಹರಿದು ಹಿಂದೆ ಟೊಳ್ಳಾಗುತ್ತದೆ. ಪಕ್ಕದ ಚರಂಡಿಗಳ ಹೂಳು ತೆಗೆಸಿ. ಗುಡ್ಡದ ಮೇಲೆ ಬಾಯಿಯ ಹಿಂದೆ ತಡೆ ಕಾಲುವೆ ತೋಡಿ, ನೆಲದ ಸೀಳುಗಳಿಗೆ ಜೇಡಿ ತುಂಬಿ, ಮಳೆ ನೀರು ಒಳಗಿಳಿಯದಂತೆ ಮಾಡಿ.

ಹರಿವನ್ನು ದಿನವೂ ಬಕೆಟ್ ಇಟ್ಟು ಅಳೆಯಿರಿ. ತಿಳಿ ನೀರು ಬಂದರೆ ಸಮಾಧಾನ. ಕದಡಿದ ನೀರು ಬಂದರೆ ಮಣ್ಣು ಕೊಚ್ಚಿ ಹೋಗುತ್ತಿದೆ. ಹರಿವು ಒಮ್ಮೆಲೇ ನಿಂತರೆ ಖುಷಿಪಡಬೇಡಿ. ಒಳಗೆಲ್ಲೋ ದಾರಿ ಕಟ್ಟಿಕೊಂಡು ನೀರು ಹಿಂದೆ ಸೇರುತ್ತಿರಬಹುದು.

## ಹಂತ 6: ಹಿಂದಿನ ನೆಲವನ್ನು ಗಟ್ಟಿ ಮಾಡುವುದು

ಸುತ್ತಿಗೆಯಲ್ಲಿ ಬಡಿದಾಗ ಡಬ್‌ಡಬ್ ಎನ್ನುವ ಕಡೆ ರಾಡಾರ್ ಹಾಯಿಸಿ, ಸಣ್ಣ ತೂತು ಕೊರೆದು ಟೊಳ್ಳು ಎಷ್ಟಿದೆ ನೋಡಿ. ಟೊಳ್ಳು ಇದ್ದರೆ ಲೈನಿಂಗ್ ಮೇಲೆ ಬಂಡೆ ಒಂದೇ ಬಿಂದುವಿನಲ್ಲಿ ಕೂರುತ್ತದೆ, ಅಲ್ಲೇ ಒಡೆಯುತ್ತದೆ.

ಗ್ರೌಟ್ ಕೆಳಗಿನಿಂದ ಮೇಲಕ್ಕೆ: ಮೊದಲು ಗೋಡೆ, ಕೊನೆಗೆ ನೆತ್ತಿ. ಎರಡೂ ಬದಿ ಸಮಸಮವಾಗಿ. ಗಾಳಿ ಹೊರಬರಲು ಮೇಲೊಂದು ತೂತು ತೆರೆದಿರಲಿ, ಅದರಿಂದ ಗ್ರೌಟ್ ಹೊರಬಂದಾಗಲೇ ತುಂಬಿದೆ ಎಂದು ಅರ್ಥ. ಒತ್ತಡ ಕಡಿಮೆ ಇಡಿ. ಒಡೆದ ಲೈನಿಂಗ್ ಹಿಂದೆ ಜೋರಾಗಿ ಪಂಪ್ ಮಾಡಿ, ಗುಡ್ಡ ಬೀಳಿಸದ ಗೋಡೆಯನ್ನು ಗ್ರೌಟೇ ಬೀಳಿಸಬಹುದು. ಪಂಪಿನವನೂ ಬಿರುಕಿನ ಗೇಜು ನೋಡುವವನೂ ಒಬ್ಬರಿಗೊಬ್ಬರು ಕೇಳಿಸುವಂತೆ ನಿಲ್ಲಲಿ. ಡ್ರೇನ್ ತೂತುಗಳಿಗೆ ಗ್ರೌಟ್ ನುಗ್ಗಿದರೆ ಹಿಂದಿನ ಹಂತದ ಕೆಲಸ ನೀರುಪಾಲು. ಮುಗಿದ ಮೇಲೆ ಅವನ್ನು ಮತ್ತೆ ಕೊರೆದು ಪರೀಕ್ಷಿಸಿ.

ಬೋಲ್ಟುಗಳ ತುದಿ ಸಡಿಲವಾದ ಬಂಡೆ ದಾಟಿ ಗಟ್ಟಿ ಬಂಡೆಯಲ್ಲಿ ಹಿಡಿಯಬೇಕು. ಸಡಿಲ ಭಾಗದ ಒಳಗೇ ಮುಗಿಯುವ ಬೋಲ್ಟ್ ಬಂಡೆಯ ಜೊತೆಗೇ ಬೀಳುತ್ತದೆ.

ಇಳಿಜಾರೇ ಜಾರುತ್ತಿದ್ದರೆ ಸುರಂಗದ ಒಳಗೆ ಎಷ್ಟು ಕಬ್ಬಿಣ ಸುರಿದರೂ ದಂಡ. ಮೇಲಿನ ಮಣ್ಣಿನ ಭಾರ ಇಳಿಸಿ, ಬುಡಕ್ಕೆ ಒದೆ ಕೊಡಿ, ಆಳದ ನೀರು ಬಸಿಯಿರಿ, ಆಂಕರ್ ಹಾಕಿ. ಆಮೇಲೆ ಒಳಗೆ ಬನ್ನಿ.

ಕೆಲವೊಮ್ಮೆ ‘ಇಲ್ಲಿ ದುರಸ್ತಿ ಬೇಡ’ ಎನ್ನುವುದೇ ಸರಿಯಾದ ಉತ್ತರ. ಟರ್ಕಿಯ ಬೋಲು ಸುರಂಗ ಕಟ್ಟುತ್ತಿದ್ದಾಗ 1999ರ ನವೆಂಬರ್ 12ರ ಭೂಕಂಪದಲ್ಲಿ ಒಂದು ಭಾಗ ಕುಸಿಯಿತು. ಆ ಭಾಗವನ್ನು ಕೈಬಿಟ್ಟು ಸುರಂಗದ ದಾರಿಯನ್ನೇ ಪಕ್ಕಕ್ಕೆ ತಿರುಗಿಸಿದರು. 2007ರಲ್ಲಿ ಅದು ಸಂಚಾರಕ್ಕೆ ತೆರೆಯಿತು.

## ಹಂತ 7: ಕೆತ್ತುವುದು — ಜೀವ ಹೋಗುವ ಹಂತ

ಒಳಕ್ಕೆ ಉಬ್ಬಿದ ಭಾಗವನ್ನು ಕೆತ್ತಿ ಮೊದಲಿನ ಆಕಾರಕ್ಕೆ ತರುವುದಕ್ಕೆ ಸೈಟಿನಲ್ಲಿ ರೀಪ್ರೊಫೈಲಿಂಗ್ ಎನ್ನುತ್ತಾರೆ. ಕೇಳಲು ಸಣ್ಣ ಕೆಲಸ. ಸಿಲ್ಕ್ಯಾರಾ ಕುಸಿದದ್ದು ಹೊಸದಾಗಿ ಅಗೆಯುತ್ತಿದ್ದ ಮುಖದಲ್ಲಿ ಅಲ್ಲ. ಬಾಯಿಯಿಂದ ಸುಮಾರು 200 ಮೀಟರ್ ಒಳಗೆ, ಮೊದಲೇ ಅಗೆದು ಮುಗಿಸಿ ರೀಪ್ರೊಫೈಲಿಂಗ್ ನಡೆಯುತ್ತಿದ್ದ ದುರ್ಬಲ ಬಂಡೆಯ ಭಾಗದಲ್ಲಿ. ಅದರಾಚೆ ಇದ್ದ 41 ಮಂದಿ 17 ದಿನ ಒಳಗೇ ಉಳಿದರು. ಎಲ್ಲರೂ ಬದುಕಿ ಬಂದದ್ದು ದೊಡ್ಡ ಮಾತು.

ಕೆತ್ತುವುದು ಎಂದರೆ, ಒತ್ತಡ ಹೊತ್ತಿರುವ ಉಂಗುರವನ್ನು ನೀವೇ ಕತ್ತರಿಸುವುದು. ಆದ್ದರಿಂದ ಈ ಕ್ರಮ ತಪ್ಪಿಸಬೇಡಿ.

1. ಮೊದಲು ಕೊಡೆ. ಕೆತ್ತುವ ಭಾಗದ ಮೇಲೆ ಕಮಾನಿನಂತೆ ಸ್ಟೀಲ್ ಪೈಪುಗಳನ್ನು ಸಾಲಾಗಿ ತೂರಿಸಿ ಗ್ರೌಟ್ ತುಂಬಿ. ಒಂದು ಕೊಡೆ ಮುಗಿಯುವ ಮೊದಲೇ ಮುಂದಿನದು ಅದರ ಕೆಳಗೆ ಕೆಲವು ಮೀಟರ್ ಹಾಯ್ದಿರಬೇಕು. ಗ್ರೌಟ್ ಗಟ್ಟಿಯಾಗುವವರೆಗೆ ಕಾಯಿರಿ.

2. ಕೆತ್ತುವ ಜಾಗದ ಎರಡೂ ಅಕ್ಕಪಕ್ಕದ ಉಂಗುರಗಳಿಗೆ ರಿಬ್ ಮತ್ತು ಬೋಲ್ಟ್ ಹೊಡೆದು ಬಲಪಡಿಸಿ.

3. ಒಂದು ಸಲಕ್ಕೆ ಒಂದು ರಿಬ್‌ನ ಅಂತರ ಮಾತ್ರ, ಅಂದರೆ ಅರ್ಧದಿಂದ ಒಂದು ಮೀಟರ್. ಎರಡೂ ಬದಿ ಒಟ್ಟಿಗೆ ಬೇಡ. ಸಾಧ್ಯವಾದರೆ ಒಂದು ಬಿಟ್ಟು ಒಂದು.

4. ಸಿಡಿಮದ್ದು ಬೇಡ. ವೈರ್ ಸಾ, ಸಣ್ಣ ಬ್ರೇಕರ್, ಜೋರು ನೀರಿನ ಯಂತ್ರ ಬಳಸಿ. ದೊಡ್ಡ ಬ್ರೇಕರ್ ಬೇಗ ಮುಗಿಸುತ್ತದೆ, ಪಕ್ಕದ ಉಂಗುರವನ್ನೂ ಮುಗಿಸುತ್ತದೆ.

5. ಕೆತ್ತಿದ ಕೂಡಲೇ ಶಾಟ್‌ಕ್ರೀಟ್, ರಿಬ್, ಬೋಲ್ಟ್. ಊಟದ ಬಿಡುವು ಇದಾದ ಮೇಲೆ. ಶಿಫ್ಟ್ ಬದಲಾಗುವಾಗ ತೆರೆದ ಬಂಡೆ ಬಿಟ್ಟು ಹೋಗಬಾರದು.

6. ಕೆಳಗೆ ಇನ್ವರ್ಟ್ ಹಾಕಿ ಉಂಗುರ ಮುಚ್ಚಿ. ಮುಚ್ಚದ ಉಂಗುರ ಅರ್ಧ ಕೆಲಸ.

7. ಇಡೀ ಹೊತ್ತು, ಕೆತ್ತುವ ಜಾಗದ ಆಚೆ ಯಾರಾದರೂ ಇದ್ದರೆ, ಅವರು ನುಸುಳಿ ಬರಬಹುದಾದ ದಪ್ಪ ಪೈಪು ಆ ಜಾಗವನ್ನು ಹಾಯ್ದಿರಬೇಕು. ಸಿಲ್ಕ್ಯಾರಾದಲ್ಲಿ ಕೊನೆಗೆ ಮಣ್ಣಿನ ರಾಶಿಯೊಳಗೆ ತೂರಿಸಿದ್ದು ಇಂಥದ್ದೇ ಪೈಪು, ಕೊನೆಯ ಕೆಲವು ಮೀಟರ್ ಕೈಯಲ್ಲೇ ಅಗೆದು. ಮೊದಲೇ ಹಾಕಿಡುವುದು ಎಷ್ಟು ಅಗ್ಗ, ಅಲ್ವಾ?

## ಹಂತ 8: ಹೊಸ ಲೈನಿಂಗ್, ಉಳಿದ ಬಿರುಕು

ಗ್ರಾಫ್ ಮಲಗಿದ ಮೇಲೆ ಮಾತ್ರ. ಲಾರಿ ಹೋಗಲು ಬೇಕಾದ ಎತ್ತರ, ಅಗಲ ಉಳಿಯುತ್ತದೆಯೇ ಎಂದು ಸ್ಕ್ಯಾನ್ ಮಾಡಿ ನೋಡಿ. ಬಲಪಡಿಸಲು ಹೋಗಿ ಸುರಂಗವನ್ನು ಇಕ್ಕಟ್ಟು ಮಾಡಿದರೆ ಮೊದಲ ಕಂಟೇನರೇ ಉಜ್ಜುತ್ತದೆ.

ಶಾಟ್‌ಕ್ರೀಟ್ ಮೇಲೆ ಬಸಿಯುವ ಬಟ್ಟೆ, ಅದರ ಮೇಲೆ ನೀರು ತಡೆಯುವ ಶೀಟು, ಆಮೇಲೆ ಸರಳು ಕಟ್ಟಿ ಕಾಂಕ್ರೀಟ್. ನೆತ್ತಿಯಲ್ಲಿ ಕಾಂಕ್ರೀಟ್ ಪೂರ್ತಿ ತುಂಬದೆ ಟೊಳ್ಳು ಉಳಿಯುವುದು ಮಾಮೂಲು. ಗ್ರೌಟ್ ಪೈಪು ಮೊದಲೇ ಬಿಟ್ಟು, ಆಮೇಲೆ ತುಂಬಿ. ನೆಲ ಮತ್ತೆ ಜಾರಬಹುದಾದ ಅಡ್ಡಸೀಳಿನ ಜಾಗದಲ್ಲಿ ಲೈನಿಂಗನ್ನು ಗಿಡ್ಡ ತುಂಡುಗಳಾಗಿ ಮಾಡಿ, ನಡುವೆ ಬಾಗುವ ಜಾಯಿಂಟ್ ಕೊಡಿ. ಅಲ್ಲಿ ಗಟ್ಟಿತನಕ್ಕಿಂತ ಬಾಗುವ ಗುಣ ಕೆಲಸಕ್ಕೆ ಬರುತ್ತದೆ.

ಉಳಿಸಿಕೊಂಡ ಹಳೆಯ ಲೈನಿಂಗಿನಲ್ಲಿ, ಒಣಗಿದ, ಚಲನೆ ನಿಂತ ಬಿರುಕಿಗೆ ಎಪಾಕ್ಸಿ. ಒದ್ದೆ ಬಿರುಕಿಗೆ ಪಾಲಿಯುರೆಥೇನ್. ಒದ್ದೆಗೆ ಎಪಾಕ್ಸಿ ಹಾಕಿದರೆ ಸಿಪ್ಪೆಯಂತೆ ಏಳುತ್ತದೆ. ಇನ್ನೂ ಅಲುಗುವ ಬಿರುಕಿಗೆ ಏನು ತುಂಬಿದರೂ ಪಕ್ಕದಲ್ಲಿ ಹೊಸದು. ಚಕ್ಕೆ ಬಿದ್ದ ಕಡೆ ಸಡಿಲವೆಲ್ಲ ಕೆರೆದು, ಪಾಲಿಮರ್ ಗಾರೆ ಹಾಕಿ, ಮೇಲೆ ಫೈಬರ್ ಶೀಟು ಅಂಟಿಸಿ.

## ಹಂತ 9: ನೇತಾಡುವುದೆಲ್ಲ

ಫ್ಯಾನು, ದೀಪ, ಕೇಬಲ್ ಟ್ರೇ, ಬೋರ್ಡು. ಎಲ್ಲದರ ಆಂಕರ್ ಬೋಲ್ಟುಗಳನ್ನೂ ಎಳೆದು ಪರೀಕ್ಷಿಸಿ. ‘ಅವು ಹಾನಿಯಾದ ಭಾಗದಲ್ಲಿ ಇಲ್ಲ’ ಎಂದು ಬಿಡಬೇಡಿ. ಜಪಾನಿನ ಸಸಾಗೊ ಸುರಂಗದಲ್ಲಿ 2012ರ ಡಿಸೆಂಬರ್ 2ರಂದು ಗುಡ್ಡವೇನೂ ಬೀಳಲಿಲ್ಲ, ಭೂಕಂಪವೂ ಆಗಲಿಲ್ಲ. ತೂಗುಹಾಕಿದ್ದ ಕಾಂಕ್ರೀಟ್ ಹಲಗೆಗಳು ಬೋಲ್ಟ್ ಕಿತ್ತುಕೊಂಡು ಬಿದ್ದು 9 ಜನ ಸತ್ತರು. ಆ ಬಳಿಕ ಜಪಾನಿನಲ್ಲಿ 5 ವರ್ಷಕ್ಕೊಮ್ಮೆ ಸುರಂಗಗಳನ್ನು ಕೈಗೆಟಕುವಷ್ಟು ಹತ್ತಿರದಿಂದ ನೋಡುವುದು ಕಡ್ಡಾಯವಾಯಿತು.

## ಹಂತ 10: ಸಂಚಾರಕ್ಕೆ ಬಿಡುವಾಗ

ಒಂದೇ ಸಲ ಪೂರ್ತಿ ತೆರೆಯಬೇಡಿ. ಮೊದಲು ಹಗಲಿನಲ್ಲಿ, ಒಂದು ಲೇನ್, ಕಡಿಮೆ ವೇಗ. ಟಾರ್ಗೆಟ್‌ಗಳನ್ನು ಕಿತ್ತುಹಾಕಬೇಡಿ. ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಅಳತೆ ನಡೆಯಲಿ. ಬೇಸಿಗೆಯಲ್ಲಿ ಮುಗಿದ ದುರಸ್ತಿ ಸರಿಯಿದೆಯೋ ಇಲ್ಲವೋ ಎಂದು ಆಷಾಢದಲ್ಲೇ ಗೊತ್ತಾಗುವುದು.

ಜೋರು ಮಳೆಯ ಮರುದಿನ, ಸಣ್ಣ ಭೂಕಂಪವಾದರೂ ಆದ ದಿನವೇ, ಒಬ್ಬರು ಒಳಗೆ ನಡೆದು ಬರಬೇಕು. ಕೈಯಲ್ಲಿ ಹಂತ 2ರ ಬಿರುಕಿನ ನಕ್ಷೆ ಇರಬೇಕು. ಯಾವ ತೂತಿನಲ್ಲಿ ಎಷ್ಟು ಚೀಲ ಗ್ರೌಟ್ ಹೋಯಿತು, ಎಲ್ಲಿ ಅಂದಾಜಿಗಿಂತ ಜಾಸ್ತಿ ಕುಡಿಯಿತು ಎನ್ನುವ ಪುಸ್ತಕವನ್ನೂ ರಸ್ತೆ ನೋಡಿಕೊಳ್ಳುವವರಿಗೆ ಒಪ್ಪಿಸಿ. ರಾತ್ರಿ ಪಾಳಿಯವರಿಗೆ, ಯಾರನ್ನೂ ಕೇಳದೆ ಗೇಟು ಹಾಕುವ ಅಧಿಕಾರವನ್ನು ಲಿಖಿತವಾಗಿ ಕೊಡಿ.